ತಿಪಟೂರು ಬಸ್ ಸ್ಟ್ಯಾಂಡಿನ ಗೋಡೆಗೆ ನೀವು ಅಂಟಿಸಿದ ನನ್ನ ಮಗಳು

ವಿಮಾನ ತರಬೇತಿಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳ ಚಿತ್ರವನ್ನು ತಿಪಟೂರು ಬಸ್ ಸ್ಟ್ಯಾಂಡಿನ ಗೋಡೆಯಿಂದ ತೆಗೆಸಿ. ಇಲ್ಲವೇ ಅದರ ಕೆಳಗೆ ನಿಜವನ್ನು ಬರೆಸಿ. ಇವೆರಡರಲ್ಲಿ ಒಂದನ್ನು ಕೇಳುವ ಹಕ್ಕು ಹೆತ್ತ ತಂದೆಗೆ ಇದೆಯೆಂದು ನಂಬಿದ್ದೇನೆ. ನಿಮ್ಮ ಕಚೇರಿಗೆ ಖಾಸಗಿಯಾಗಿ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಆದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಊರ ಮುಂದೆ ಕೊಟ್ಟ ಮಾತನ್ನು ಊರ ಮುಂದೆಯೇ ಕೇಳುವುದು ನಮ್ಮ ಕಡೆಯ ಪದ್ಧತಿ.

ಆ ಚಿತ್ರ ನಿಮಗೆ ನೆನಪಿರಬಹುದು, ತೆಗೆಸಿದವರು ನೀವೇ. ಎರಡು ಸೀಟಿನ ಪುಷ್ಪಕ ವಿಮಾನದ ರೆಕ್ಕೆಗೆ ಕೈ ಇಟ್ಟುಕೊಂಡು, ಬಿಳಿ ಅಂಗಿ ತೊಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿರುವ ಹುಡುಗಿ. ಕೆಳಗೆ ದಪ್ಪ ಅಕ್ಷರದಲ್ಲಿ, 'ತೆಂಗಿನ ನಾಡಿನಿಂದ ಆಕಾಶಕ್ಕೆ! ತಿಪಟೂರಿನ ಹೆಮ್ಮೆಯ ಮಹಿಳಾ ಪೈಲಟ್. ನೀವೂ ಆಗಬಹುದು!' ಎಂದಿದೆ. ಒಂದು ಕಡೆ ಬೀಡಿಯ ಜಾಹೀರಾತು, ಇನ್ನೊಂದು ಕಡೆ ಮೂಲವ್ಯಾಧಿಯ ಪಂಡಿತರ ಜಾಹೀರಾತು, ನಡುವೆ ನನ್ನ ಮಗಳು ಶಾಂತಕುಮಾರಿ. ಚಿತ್ರದಲ್ಲಿ ಸುಳ್ಳೇನೂ ಇಲ್ಲ. ಅಕ್ಷರದಲ್ಲಿ ಮಾತ್ರ ಇದೆ. ಶಾಂತಕುಮಾರಿ ಯಾವ ವಿಮಾನ ಕಂಪನಿಯ ಪೈಲಟ್ಟೂ ಅಲ್ಲ. ಅವಳು ಚಿಕ್ಕನಾಯಕನಹಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಡಂ. ದಿನಾ ಬೆಳಿಗ್ಗೆ ನೀವು ಚಿತ್ರ ಅಂಟಿಸಿದ ಅದೇ ಗೋಡೆಯ ಕೆಳಗೆ ನಿಂತು ಅವಳು ಬಸ್ಸಿಗೆ ಕಾದಿರುತ್ತಾಳೆ. ಜನ ಒಮ್ಮೆ ಗೋಡೆ ನೋಡುತ್ತಾರೆ, ಒಮ್ಮೆ ಅವಳನ್ನು ನೋಡುತ್ತಾರೆ. ಇಂಥ ಶಿಕ್ಷೆಯನ್ನು ಯಾವ ಕಾನೂನಿನಲ್ಲಿ ಬರೆದಿದ್ದಾರೆ ಸ್ವಾಮಿ?

ನಿಮಗೆ ನಮ್ಮ ಗುರುತು ಮರೆತಿರಬಹುದು. ದೊಡ್ಡವರು, ಎಷ್ಟು ಊರುಗಳಲ್ಲಿ ಊಟ ಮಾಡಿರುತ್ತೀರೋ. ಆದ್ದರಿಂದ ನೆನಪಿಸುತ್ತೇನೆ. ಎಪ್ಪತ್ತೇಳನೇ ಇಸವಿಯ ಚಳಿಗಾಲದಲ್ಲಿ ನೀವು ಜೀಪಿನಲ್ಲಿ ತಿಪಟೂರಿಗೆ ಬಂದಿರಿ. ಹೈಸ್ಕೂಲಿನ ಮೈದಾನದಲ್ಲಿ ಶಾಮಿಯಾನ ಹಾಕಿತ್ತು. ಮೇಜಿನ ಮೇಲೆ ಮರದ ಪುಟ್ಟ ವಿಮಾನವೊಂದನ್ನು ಇಟ್ಟು, ಮೈಕಿನ ಮುಂದೆ ನಿಂತು, ವಿಮಾನ ಓಡಿಸುವುದು ಪಟ್ಟಣದವರ ಸೊತ್ತಲ್ಲ ಎಂದಿರಿ. ಮುಂದಿನ ಐದು ವರ್ಷಗಳಲ್ಲಿ ದೇಶಕ್ಕೆ ಎಷ್ಟು ಪೈಲಟ್ಟುಗಳಿದ್ದರೂ ಸಾಲದು ಎಂದಿರಿ. ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಹೆಣ್ಮಕ್ಕಳನ್ನೂ ತಗೋತೀರಾ ಸಾರ್?" ಎಂದು ಕೇಳಿದಳು. ಮೈದಾನವೆಲ್ಲ ಗೊಳ್ಳೆಂದು ನಕ್ಕಿತು. ನೀವು ನಗಲಿಲ್ಲ. "ಖಂಡಿತ. ನಿಮ್ಮಂಥವರೇ ಬೇಕು" ಎಂದಿರಿ. ಆಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು. ಅವಳು ನನ್ನ ಮಗಳು.

ಅಂದು ಮಧ್ಯಾಹ್ನ ನಿಮ್ಮ ಊಟ ನಮ್ಮ ಮನೆಯಲ್ಲಿ. ನನ್ನ ತಾಯಿ ಸಿದ್ದಗಂಗಮ್ಮ ಕಾಯಿ ಒಬ್ಬಟ್ಟು ಮಾಡಿದ್ದರು. ನೀವು ಎರಡು ತಿಂದು ಸಾಕೆಂದಾಗ, "ಏರೋಪ್ಲೇನ್ ಓಡ್ಸೋ ದೇಹ, ಇನ್ನೊಂದು ಹಾಕಿಸ್ಕಳಿ ಸಾಮಿ, ಭಾರ ಆಗಕ್ಕಿಲ್ಲ" ಎಂದು ಬಲವಂತವಾಗಿ ಬಡಿಸಿದರು. ನೀವು ಹೊಟ್ಟೆ ತುಂಬ ನಕ್ಕಿರಿ. ಹೋಗುವಾಗ ನನ್ನ ಕೈ ಹಿಡಿದು, "ಶಂಭುಲಿಂಗಯ್ಯನವರೇ, ಮಗಳನ್ನು ನಮಗೆ ಬಿಟ್ಟುಕೊಡಿ, ಮುಂದಿನದು ನನ್ನ ಜವಾಬ್ದಾರಿ" ಎಂದಿರಿ. ಇದು ನಾನು ಕಟ್ಟಿ ಹೇಳುವ ಕತೆಯಲ್ಲ. ಆ ಮಾತು ಕೇಳಿಸಿಕೊಂಡು ನನ್ನ ಮನೆಯವರು ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಿದ್ದರು.

ನಾನು ಕೊಬ್ಬರಿ ವ್ಯಾಪಾರಿ. ಮಾತಿನ ಮೇಲೆ ನಡೆಯುವ ಕಸುಬು. ಪೇಟೆಯಲ್ಲಿ ಒಬ್ಬ ಮಾತು ಕೊಟ್ಟನೆಂದರೆ ಮುಗಿಯಿತು, ಬೆಲೆ ಏರಿದರೂ ಇಳಿದರೂ ಮಾತು ಮಾತೇ. ತಪ್ಪಿದವನ ಅಂಗಡಿಗೆ ಮಾರನೇ ದಿನದಿಂದ ಯಾರೂ ಕಾಲಿಡುವುದಿಲ್ಲ. ಸರ್ಕಾರದ ಜೀಪಿನಲ್ಲಿ ಬಂದವರ ಮಾತು ಪೇಟೆಯವರ ಮಾತಿಗಿಂತ ಹಗುರವಾಗಿರುತ್ತದೆಂದು ನನಗೆ ಹೇಗೆ ಗೊತ್ತಾಗಬೇಕಿತ್ತು?

ಶಾಂತಾ ಬೆಂಗಳೂರಿಗೆ ಹೋದಳು. ಹಾಸ್ಟೆಲಿನಲ್ಲಿದ್ದು ಕಲಿತಳು. ಬಂಧುಗಳು ಆಡಿಕೊಂಡರು. ನನ್ನ ಭಾವಮೈದ ಗಿಡ್ಡಯ್ಯ ಬಂದು, "ಹೆಣ್ಮಗೀನ ರೆಕ್ಕೆ ಕಟ್ಟಿ ಹಾರುಸ್ತಿದ್ದೀಯಲ್ಲಾ ಭಾವ, ಆಮ್ಯಾಕೆ ಕೆಳೀಕ್ ಇಳ್ಸೋರು ಯಾರು?" ಎಂದು ಕೇಳಿದ. "ಅದ್ನೂ ಅಲ್ಲೇ ಹೇಳ್ಕೊಡ್ತಾರೆ ಬುಡು" ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ಅವಳಿಗೆ ಮದುವೆಯ ಸಂಬಂಧಗಳು ಬಂದವು. ಪೈಲಟ್ ಆದಮೇಲೆ ನೋಡೋಣ ಎಂದು ಹಿಂದಕ್ಕೆ ಕಳಿಸಿದೆ.

ಒಂದು ದಿನವನ್ನಂತೂ ನಾನು ಸಾಯುವತನಕ ಮರೆಯುವುದಿಲ್ಲ. ದೂರದ ಹಾರಾಟದ ಪರೀಕ್ಷೆಗೆ ರೈಲು ಹಳಿಯ ಗುರುತು ಹಿಡಿದುಕೊಂಡು ನಮ್ಮ ಕಡೆಗೇ ಬರುತ್ತೇನೆಂದು ಮೊದಲೇ ಹೇಳಿದ್ದಳು. ಕಿಬ್ಬನಹಳ್ಳಿ ಹತ್ತಿರದ ನಮ್ಮ ತೋಟದ ಮನೆಯ ಕಣದಲ್ಲಿ ಊರೇ ಸೇರಿತ್ತು. ನನ್ನ ತಾಯಿ ಮಡಿ ಉಟ್ಟು, ವಿಭೂತಿ ಇಟ್ಟುಕೊಂಡು, ಕೆಂಪು ಕಂಬಳಿಯೊಂದನ್ನು ಕಣದ ನಡುವೆ ಹಾಸಿಸಿ, ಮಗುವಿಗೆ ಗುರುತು ಸಿಗಲಿ ಎಂದು ಅದರ ಪಕ್ಕದಲ್ಲೇ ಬಿಸಿಲಿನಲ್ಲಿ ಕುಳಿತಿದ್ದರು. ವಿಮಾನ ಬಂತು. ನಮ್ಮ ನೆತ್ತಿಯ ಮೇಲೆ ರೆಕ್ಕೆಯನ್ನು ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ ಓರೆ ಮಾಡಿ ಮುಂದೆ ಹೋಯಿತು. "ಕಂಡ್ಲು ಕಣ್ರೋ! ನನ್ ಕಂಡ್ಲು ನನ್ ಮೊಮ್ಮಗ್ಳು!" ಎಂದು ಮುದುಕಿ ಎದ್ದು ಕುಣಿದದ್ದೇ ಕುಣಿದದ್ದು. ಶಾಂತಾ ಊರಿಗೆ ಬಂದಾಗ, "ಮ್ಯಾಗ್ಲಿಂದ ನಮ್ ತೋಟ ಹೆಂಗ್ ಕಾಣ್ತದೇ?" ಎಂದು ಕೇಳಿದರು. "ಎಲ್ಲಾರ ತೋಟನೂ ಒಂದೇ ಥರ ಕಾಣ್ತದಜ್ಜಿ, ನೀನು ಕಂಬ್ಳಿ ಹಾಸಿರ್ಲಿಲ್ಲ ಅಂದಿದ್ರೆ ಗಿಡ್ಡಯ್ಯಮಾವನ ತೋಟಕ್ಕೆ ರೆಕ್ಕೆ ಆಡಿಸ್ಬುಟ್ಟು ಹೋಗ್ತಿದ್ದೆ" ಎಂದಳು. ಬೇಲಿಯ ವಿಷಯವಾಗಿ ಗಿಡ್ಡಯ್ಯನಿಗೂ ನಮಗೂ ಆಗ ಮಾತುಕತೆ ಇರಲಿಲ್ಲ. ಮುದುಕಿ ಬಿದ್ದುಬಿದ್ದು ನಕ್ಕರು.

ಎಂಬತ್ತನೇ ಇಸವಿಯಲ್ಲಿ ಲೈಸೆನ್ಸು ಬಂತು. ಆ ಚಿತ್ರ ತೆಗೆದದ್ದು ಆಗಲೇ. ಕಂಪನಿಯವರು ಯಾವಾಗ ಕರೆಯುತ್ತಾರೆಂದು ನಾನು ಕೇಳಿದ್ದಕ್ಕೆ, "ಕರೆ ಬಂದೇ ಬರುತ್ತದೆ, ತಾಳ್ಮೆ ಇರಲಿ. ತಾಳಿದವನು ಬಾಳಿಯಾನು ಅಲ್ಲವೇ?" ಎಂದಿರಿ. ಶಾಂತಾ ಪಕ್ಕದಲ್ಲೇ ಇದ್ದಳು. ಅವಳು ಬುದ್ಧಿವಂತೆ, ಕೇಳಬೇಕಾದದ್ದನ್ನು ಕೇಳಿದಳು. "ಸಾರ್, ಆರು ತಿಂಗಳಿಗೊಮ್ಮೆ ಡಾಕ್ಟರ ಪರೀಕ್ಷೆ ಆಗ್ಬೇಕು, ಅಷ್ಟರೊಳಗೆ ಇಂತಿಷ್ಟು ಗಂಟೆ ಹಾರಿರ್ಲೂ ಬೇಕು, ಇಲ್ದಿದ್ರೆ ಲೈಸೆನ್ಸು ಬಿದ್ದುಹೋಗ್ತದಲ್ಲ?" ಎಂದಳು. ಅದಕ್ಕೆ ನೀವು ಹೇಳಿದ್ದು ಇಷ್ಟು: "ಸದ್ಯಕ್ಕೆ ವಿಮಾನದ ಪೆಟ್ರೋಲಿಗೆ ಬಹಳ ಅಭಾವ. ನೀವು ಊರಿಗೆ ಹೋಗಿ ಆರಾಮಾಗಿರಿ. ಪೆಟ್ರೋಲ್ ಬಂದ ಕೂಡಲೇ ನಾವೇ ಹೇಳಿಕಳಿಸುತ್ತೇವೆ."

ಈಗ ನಮ್ಮ ತಪ್ಪಿಗೆ ಬರುತ್ತೇನೆ. ನಮ್ಮಂಥ ಕೊಬ್ಬರಿಯವರು ಮಾತ್ರ ಮಾಡಬಹುದಾದ ತಪ್ಪು ಅದು. ನಮ್ಮಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಕೆಳಗೆ ಆಗಾಗ ಸಣ್ಣಗೆ ಹೊಗೆ ಕೊಡುತ್ತೇವೆ. ಆಮೇಲೆ ವರ್ಷದ ಹತ್ತಿರ ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಕರಟ ಬಿಟ್ಟು ಕಳಚಿಕೊಳ್ಳಬೇಕು. ಆಗಲೇ ಒಡೆದರೆ ಗುಂಡಗೆ ಇಡೀ ಕೊಬ್ಬರಿ ಸಿಗುವುದು. ಆತುರಗೆಟ್ಟು ಮೊದಲೇ ಒಡೆದವನಿಗೆ ಅತ್ತ ಹಸಿ ಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ. ಅಟ್ಟ ಹತ್ತಿ ಮತ್ತೆ ಮತ್ತೆ ಕಾಯಿ ಅಲ್ಲಾಡಿಸಿ ನೋಡುವ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಏಟು ಬೀಳುತ್ತದೆ. ಹೀಗೆ ತಾಳಿಯೇ ನಮ್ಮ ಅಜ್ಜ ಮುತ್ತಜ್ಜಂದಿರು ಬಾಳಿದ್ದು. ನೀವು ಆ ಗಾದೆ ಹೇಳಿದಾಗ, ನಮ್ಮ ಮನೆಯ ಮಾತನ್ನೇ ಸಾಹೇಬರು ಆಡಿದರಲ್ಲ ಎಂದು ನನಗೆ ಹಿಗ್ಗೇ ಆಗಿತ್ತು.

ಹೀಗಾಗಿ ನನ್ನ ಮಗಳ ಲೈಸೆನ್ಸು, ಬಿಳಿ ಅಂಗಿ, ನಕಾಶೆಗಳು ಎಲ್ಲವೂ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಸೇರಿ ಅಟ್ಟಕ್ಕೆ ಏರಿದವು. ಹೊಗೆ ಬರದ ಮೂಲೆ ನೋಡಿ ನನ್ನ ತಾಯಿಯೇ ಇಡಿಸಿದರು. ಶಾಂತಾ ಒಂದೇ ಹಠ ಹಿಡಿದಳು: "ಅಪ್ಪ, ಅಲ್ಲಿ ಹೋಗಿ ನಿಂತ್ಕೋಬೇಕು ಕಣಪ್ಪ. ಕಣ್ಣಿಗೆ ಬೀಳ್ತಾ ಇರ್ಬೇಕು. ಇದು ಅಟ್ಟದ ಕಾಯಿ ಅಲ್ಲ." ನನ್ನ ತಾಯಿ ಗದರಿದರು: "ಸುಮ್ಕಿರೇ. ಅಂಥಾ ದೊಡ್ ಮನುಸ್ರು ತಾಳು ಅಂದವ್ರೆ. ದಿನಾ ಹೋಗಿ ಬಾಗ್ಲು ತಟ್ಟಿದ್ರೆ ನಂಬ್ಕೆ ಇಲ್ಲ ಅಂದಂಗಾಯ್ತದೆ. ಕಾಯಿ ಅಲ್ಲಾಡುಸ್ಬಾರ್ದು." ನಾನೂ ತಾಯಿಯ ಕಡೆಗೇ ನಿಂತೆ. ಮನೆಯಲ್ಲಿ ಉಂಡು ಹೋದವರ ಬಾಗಿಲಿಗೆ ಹೋಗಿ ಭಿಕ್ಷುಕರಂತೆ ನಿಲ್ಲುವುದು ನನಗೆ ಅವಮಾನವೆನಿಸಿತು. ನಿಮಗೂ ಅವಮಾನವೆಂದೇ ಭಾವಿಸಿದೆ! ನಿಮ್ಮ ಮರ್ಯಾದೆಯನ್ನು ನಿಮಗಿಂತ ಹೆಚ್ಚಾಗಿ ಕಾಪಾಡಿದವರು ನಾವು.

ನಿಮ್ಮಿಂದ ಹೇಳಿಕೆ ಬರಲಿಲ್ಲ. ಆರು ತಿಂಗಳ ಅವಧಿ ಒಮ್ಮೆ ಕಳೆಯಿತು. ಕಾಗದ ಬರೆದೆ, ಉತ್ತರವಿಲ್ಲ. ಪೆಟ್ರೋಲು ಇನ್ನೂ ಬಂದಿಲ್ಲವೆಂದು ನಾವೇ ಸಮಾಧಾನ ಹೇಳಿಕೊಂಡೆವು. ಕಡೆಗೆ ಎಂಬತ್ತೊಂದರ ಕೊನೆಯಲ್ಲಿ ಶಾಂತಾ ನನ್ನನ್ನು ಎಳೆದುಕೊಂಡೇ ಬೆಂಗಳೂರಿಗೆ ಬಂದಳು. ನಿಮ್ಮ ಹಾರಾಟದ ಮೈದಾನದ ಗೇಟಿನ ಒಳಗೆ ಕಾಲಿಟ್ಟಾಗ ನಮ್ಮ ಕಣ್ಣೆದುರಿಗೇ ಒಂದು ಪುಷ್ಪಕ ಮೇಲೇರಿತು. ಅದಕ್ಕೆ ಯಾರು ಪೆಟ್ರೋಲ್ ಕೊಟ್ಟರೋ ಶಿವನೇ ಬಲ್ಲ. ಕೇಳಿದರೆ, ಅಭಾವವಿದ್ದದ್ದು ನಿಜವಂತೆ. ಆದರೆ ಬಂದಷ್ಟನ್ನು ದಿನಾ ಬೆಳಿಗ್ಗೆ ಗೇಟಿಗೆ ಬಂದು ನಿಂತ ಹುಡುಗರಿಗೆ ಹಂಚಿಬಿಟ್ಟಿರಂತೆ. ಬೆಂಗಳೂರಿನ ಹುಡುಗರು. ಅವರ ಅಪ್ಪಂದಿರಿಗೆ ನಿಮ್ಮ ಕ್ಲಬ್ಬಿನ ಪರಿಚಯ, ನಿಮ್ಮ ಸ್ವಭಾವದ ಪರಿಚಯ. ಅತ್ತ ಮಗುವಿಗೇ ಹಾಲು ಎಂಬ ಗಾದೆ ಅವರಿಗೆ ಗೊತ್ತಿತ್ತು. ನಮಗೆ ನೀವು ಬೇರೆ ಗಾದೆ ಹೇಳಿ ಕಳಿಸಿದ್ದಿರಿ.

ನಾವು ನಿಮ್ಮ ಕೋಣೆಗೆ ಬಂದಾಗ ನೀವು ಕನ್ನಡಕ ತೆಗೆದು ನನ್ನ ಮಗಳನ್ನು ನೋಡಿದಿರಿ. "ಓಹೋ, ನೀವಾ? ನೀವು ಬರಲೇ ಇಲ್ಲವಲ್ಲ! ಮದುವೆ ಆಗಿ ಹೋಗಿರಬೇಕು ಅಂದುಕೊಂಡೆವು" ಎಂದಿರಿ.

ಮಾನ್ಯರೇ, ಆ ಮಾತಿಗೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ. ಬರಬೇಡಿ ಎಂದವರೂ ನೀವೇ, ಬರಲಿಲ್ಲವಲ್ಲ ಎಂದವರೂ ನೀವೇ. ಮದುವೆಯನ್ನು ಮುಂದೂಡಿ ನಿಮ್ಮ ಮಾತನ್ನು ಕಟ್ಟಿಕೊಂಡು ಕೂತ ಹುಡುಗಿಗೆ, ಮದುವೆ ಆಗಿರಬೇಕು ಅಂದುಕೊಂಡೆವು ಎಂದಿರಿ. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ. ನನಗೆ ಮೈಯೆಲ್ಲ ಉರಿಯಿತು. ಕೈ ಎತ್ತಿಬಿಡುತ್ತೇನೇನೋ ಎಂದು ಭಯವಾಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ನೀವು ಅದನ್ನು ವಿನಯವೆಂದು ತಿಳಿದು, "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದಿರಿ. ಲೈಸೆನ್ಸು ಬಿದ್ದುಹೋಗಿತ್ತು. ಮತ್ತೆ ಎಬ್ಬಿಸಬೇಕಾದರೆ ಮತ್ತೆ ಹಾರಾಟ, ಮತ್ತೆ ಪರೀಕ್ಷೆ, ಅದಕ್ಕೆ ಮತ್ತೆ ಪೆಟ್ರೋಲ್ ಬೇಕು, ಪೆಟ್ರೋಲ್ ಇಲ್ಲ, ಆದ್ದರಿಂದ ಮತ್ತೆ ತಾಳ್ಮೆ ಇರಲಿ. ವಾಪಸು ಬರುವ ರೈಲಿನಲ್ಲಿ ಶಾಂತಾ ಕಿಟಕಿಯ ಪಕ್ಕ ಕುಳಿತು ಒಂದೇ ಸಮನೆ ಅತ್ತಳು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನಿಟ್ಟೂರು ಸ್ಟೇಷನ್ನಿನಲ್ಲಿ ಎರಡು ಲೋಟ ಕಾಫಿ ಕೊಂಡೆ, ಅದೂ ತಣ್ಣಗಾಯಿತು.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ನಮಗೆ ತಾಳ್ಮೆಯ ಪಾಠ ಹೇಳಿದ ಹೊತ್ತಿಗೇ ಕಂಪನಿಯವರು ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರಂತೆ. ಲೈಸೆನ್ಸು ಹಿಡಿದು ಖಾಲಿ ಕೂತ ಮಕ್ಕಳು ಆಗಲೇ ರಾಶಿ ಇದ್ದರಂತೆ. ಅದು ನಿಮಗೆ ಗೊತ್ತಿಲ್ಲದೆ ಇರಲು ಸಾಧ್ಯವೇ? ಹತ್ತು ಎಲೆ ಹಾಕುವಷ್ಟೇ ಜಾಗವಿರುವ ಮನೆಯವನು ಊರಿಗೆಲ್ಲ ಅಕ್ಷತೆ ಕೊಟ್ಟು ಊಟಕ್ಕೆ ಕರೆದರೆ ಅವನಿಗೆ ನಮ್ಮ ಕಡೆ ಏನನ್ನುತ್ತಾರೆಂದು ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಹಸಿದು ನಿಂತವರಿಗೆ ಅವನು ಗಾದೆಯನ್ನೂ ಬಡಿಸಿದರೆ ಏನನ್ನುತ್ತಾರೆಂಬುದನ್ನಂತೂ ಮಾತಿನಲ್ಲೂ ಹೇಳುವಂತಿಲ್ಲ.

ಇಷ್ಟೆಲ್ಲ ಆದಮೇಲೂ ನಾನು ಸುಮ್ಮನಿದ್ದೆ. ಮಗಳು ಪಾಠ ಹೇಳುವ ಕೆಲಸ ಹಿಡಿದಳು. ಮನೆಯಲ್ಲಿ ಅವಳ ವಿದ್ಯೆ ಉಪಯೋಗಕ್ಕೆ ಬರುವುದು ಒಂದಕ್ಕೇ. ಅಂಗಳದಲ್ಲಿ ಕೊಬ್ಬರಿ ಹರಡುವ ಮೊದಲು ನನ್ನ ತಾಯಿ, "ಮೋಡ ನೋಡೇ ಶಾಂತಾ, ಮಳೆ ಬತ್ತದೇನೇ?" ಎಂದು ಕೇಳುತ್ತಾರೆ. ಶಾಂತಾ ಮೇಲೆ ನೋಡಿ ಹೇಳಿದ ಮಾತು ಇದುವರೆಗೆ ಸುಳ್ಳಾಗಿಲ್ಲ. ನಿಮ್ಮ ಶಾಲೆಯಲ್ಲಿ ಚೆನ್ನಾಗಿ ಕಲಿಸುತ್ತೀರಿ, ಅದನ್ನು ಒಪ್ಪುತ್ತೇನೆ.

ಕಳೆದ ತಿಂಗಳು ಗೋಡೆಗೆ ಚಿತ್ರ ಬಂತು. ಮುಂದಿನ ತಿಂಗಳು ಅದೇ ಹೈಸ್ಕೂಲಿನ ಮೈದಾನದಲ್ಲಿ ನಿಮ್ಮ ಭಾಷಣವಿದೆಯೆಂದು ಅದರಲ್ಲೇ ಅಚ್ಚಾಗಿದೆ. ಅದರ ಬೆನ್ನಿಗೇ ಕಳೆದ ಭಾನುವಾರ ತುರುವೇಕೆರೆಯಿಂದ ಮರುಳಸಿದ್ದಯ್ಯ ಎಂಬವರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಮಗೆ ಅಷ್ಟಾಗಿ ಪರಿಚಯವಿದ್ದವರಲ್ಲ. ಬಸ್ ಸ್ಟ್ಯಾಂಡಿನಲ್ಲಿ ಚಿತ್ರ ನೋಡಿ, ವಿಚಾರಿಸಿಕೊಂಡು ಬಂದಿದ್ದರು. ಮಗಳು ಗಿರಿಜಾಂಬಿಕಾ, ಆಗತಾನೇ ಪಿಯುಸಿ ಮುಗಿಸಿದವಳು. ಶಾಂತಾ ಕೊಡದಲ್ಲಿ ನೀರು ಹೊತ್ತು ಒಳಗೆ ಬಂದಳು. ಮರುಳಸಿದ್ದಯ್ಯನವರು ಎದ್ದು ನಿಂತು ಅವಳಿಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಇವ್ರೇ ಅಲ್ವೇನ್ರೀ ಗೋಡೆ ಮೇಲಿರೋರು? ಏನ್ ಪುಣ್ಯ ನಮ್ದು! ಇವತ್ತು ಡ್ಯೂಟಿ ಇಲ್ವೇನ್ರೀ ಇವ್ರಿಗೆ?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ನೀವು ಅಲ್ಲಿರಲಿಲ್ಲ. ಶಾಂತಾ ಕೊಡ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, "ನಂಗೆ ಡ್ಯೂಟಿ ಯಾವತ್ತೂ ಇರ್ಲಿಲ್ಲ ಕಣ್ರೀ. ಲೈಸೆನ್ಸು ಸತ್ತು ಮೂರು ವರ್ಷ ಆಯ್ತು. ಸ್ಕೂಲಲ್ಲಿ ಲೆಕ್ಕ ಹೇಳ್ಕೊಡ್ತೀನಿ" ಎಂದಳು. ಪಾಪ, ಮರುಳಸಿದ್ದಯ್ಯನವರ ಮುಖ ಸಣ್ಣಗಾಯಿತು. ಗಿರಿಜಾಂಬಿಕಾ ಮಾತ್ರ ಕಣ್ಣು ಮಿಟುಕಿಸಲಿಲ್ಲ. "ಅಕ್ಕ, ಹಂಗಾರೆ ನಾನು ಹೋಗ್ಲೋ ಬ್ಯಾಡ್ವೋ?" ಎಂದು ನೇರವಾಗಿ ಕೇಳಿದಳು.

ಅವಳ ಮಾತು ಮುಗಿಯುವ ಮೊದಲೇ ನಾನು ಬಾಯಿ ಹಾಕಿದೆ. "ಬ್ಯಾಡ ಕಣವ್ವ. ಡಾಕ್ಟರ್ ಆಗು, ಟೀಚರ್ ಆಗು, ಬ್ಯಾಂಕಿಗೆ ಸೇರ್ಕೋ. ಈ ಪೈಲಟ್ ಸಾವಾಸ ಮಾತ್ರ ಬ್ಯಾಡ. ಮೂಗಿಗೆ ತುಪ್ಪ ಸವರ್ತಾರೆ, ನೆಕ್ಕೋಕಾಗಲ್ಲ, ವಾಸ್ನೆ ತಡ್ಕೊಳ್ಳೋಕಾಗಲ್ಲ" ಎಂದೆ. ಈ ಕಸುಬು ಇನ್ನೂ ನೆಚ್ಚಿಕೊಳ್ಳುವಂಥದ್ದೇ ಎಂದು ಯಾರು ಕೇಳಿದರೂ ನನ್ನ ಉತ್ತರ ಅದೇ. ಮಗಳೂ ಅದನ್ನೇ ಹೇಳುತ್ತಾಳೆಂದು ಅವಳ ಮುಖ ನೋಡಿದೆ.

ಅವಳು ಗಿರಿಜಾಂಬಿಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಕಣ್ಣು ಚೆನ್ನಾಗಿದ್ಯಾ? ಲೆಕ್ಕ ಬತ್ತದಾ?" ಎಂದು ಕೇಳಿದಳು. ಬರುತ್ತದೆ ಎಂದಾಗ, "ಹಂಗಾರೆ ಹೋಗು. ಒಬ್ಳೇ ಮೇಲಕ್ಕೆ ಹೋಗೋ ಮೊದಲ್ನೇ ದಿನ ಪಕ್ಕದ ಸೀಟು ಖಾಲಿ ಇರ್ತದೆ. ಹೇಳ್ಕೊಡೋರು ಇರಲ್ಲ, ಬಯ್ಯೋರೂ ಇರಲ್ಲ. ಅದನ್ನ ಒಂದ್ಸಲ ನೋಡಿದ್ಮೇಲೆ ಆ ಖುಷೀನ ಯಾರೂ ಕಿತ್ಕೊಳಾಕಾಗಲ್ಲ. ಆದ್ರೆ ಒಂದು ಮಾತು. ಅವ್ರು ತಾಳ್ಮೆ ಇರ್ಲಿ ಅಂದ ದಿನ ಮಾತ್ರ ಊರಿಗೆ ಬರ್ಬೇಡ. ಗೇಟ್ ಮುಂದೆ ಕೂತ್ಕೋ. ದಿನಾ ಕೂತ್ಕೋ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ನಿಂಗೇನು ಬುದ್ಧಿಗಿದ್ಧಿ ಇದ್ಯೇನೇ? ಅಷ್ಟು ಅನುಭವಿಸಿದ್ದು ಸಾಲ್ದಾ? ಇನ್ನೊಂದು ಮಗೀನೂ ಅದೇ ಬಾವಿಗೆ ತಳ್ತೀಯಾ?" ಎಂದು ಕೂಗಾಡಿದೆ. ಅವಳು ದನಿ ಏರಿಸಲಿಲ್ಲ. "ಏರೋಪ್ಲೇನು ನಂಗೇನೂ ಮೋಸ ಮಾಡ್ಲಿಲ್ಲ ಕಣಪ್ಪ. ಮೋಸ ಮಾಡ್ದೋರು ಬೇರೆ. ಅವ್ರಿಗೆ ಹೆದರ್ಕೊಂಡು ಹಾರೋದೇ ಕೆಟ್ಟದ್ದು ಅಂತ ಈ ಹುಡ್ಗಿಗೆ ಸುಳ್ಳು ಹೇಳ್ಲಾ?" ಎಂದಳು. ಅವಳು ಮುಂದುವರಿಸಿದಳು: "ನಾನೂ ಇವಳ ಜೊತೆ ಹೋಗ್ತೀನಿ. ಬೇಸ್ಗೆ ರಜ ಇದೆ. ಅವತ್ತು ಕೂರ್ಬೇಕಾಗಿತ್ತು, ಇವತ್ತು ಕೂರ್ತೀನಿ."

ಮೂಲೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ ನನ್ನ ತಾಯಿ ಆಗ ಗೋಡೆ ಹಿಡಿದುಕೊಂಡು ಎದ್ದರು. ಹಣ್ಣಾದ ಜೀವ, ಈಗ ಕಣ್ಣೂ ಮಂಜು. ಅಟ್ಟದ ಏಣಿಯ ಹತ್ತಿರ ಹೋಗಿ ನಿಂತು, "ಲೋ ಶಂಭು, ಹತ್ತು ಮ್ಯಾಕೆ. ಅಲ್ಲಾಡುಸ್ಬ್ಯಾಡಿ ಅಂದೋಳು ನಾನೇ ಅಲ್ವಾ, ನಾನೇ ಹೇಳ್ತಿವ್ನಿ, ಆ ಪೆಟ್ಗೆ ಇಳ್ಸು. ನನ್ ಮಗ ಸ್ಯಾನೆ ದಿನ ಸುಮ್ಕಿದ್ಲು" ಎಂದರು. ನಮ್ಮ ಕಡೆ ಮುದ್ದಿನ ಹೆಣ್ಣು ಮಕ್ಕಳನ್ನೂ ಅಜ್ಜಿಯರು ಮಗ ಎಂದೇ ಕರೆಯುವುದು. ನಾನು ಹತ್ತಿದೆ. ಪೆಟ್ಟಿಗೆ ಇಳಿಸಿದೆ. ಅಂಗಿಗೆ ಕೊಬ್ಬರಿಯ ವಾಸನೆ ಹಿಡಿದಿದೆ, ಕಾಲರು ಸ್ವಲ್ಪ ಹಳದಿಯಾಗಿದೆ, ಅಷ್ಟೇ. ಮೈಗೆ ಇನ್ನೂ ಸರಿಹೋಗುತ್ತದೆ.

ಮಾನ್ಯರೇ, ಆದ್ದರಿಂದ ಈ ಪತ್ರದ ಮೊದಲ ಸಾಲುಗಳಲ್ಲಿ ಕೇಳಿದ್ದರಲ್ಲಿ ಅರ್ಧವನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಚಿತ್ರ ಗೋಡೆಯ ಮೇಲೇ ಇರಲಿ ಎಂದು ಮಗಳು ಹೇಳುತ್ತಾಳೆ. ಆ ದಿನ ಅವಳು ನಕ್ಕದ್ದು ನಿಜವಂತೆ. ಕೆಳಗಿನ ಅಕ್ಷರವನ್ನು ತಿದ್ದಿಸಿ. ಇವಳಿಗೆ ಲೈಸೆನ್ಸು ಕೊಟ್ಟೆವು, ಕೆಲಸ ಕೊಡಲಿಲ್ಲ, ಹಾರಲು ಬಿಡದೆ ಲೈಸೆನ್ಸನ್ನೂ ಸಾಯಲು ಬಿಟ್ಟೆವು ಎಂದು ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ. ಮುಂದಿನ ತಿಂಗಳು ಮೈದಾನಕ್ಕೆ ಬಂದಾಗ, ಕಂಪನಿಗಳಲ್ಲಿ ಜಾಗ ಎಷ್ಟಿದೆ, ಲೈಸೆನ್ಸು ಹಿಡಿದು ಖಾಲಿ ಕೂತವರು ಎಷ್ಟು ಜನ ಎಂಬುದನ್ನು ಮೈಕಿನಲ್ಲಿ ಹೇಳಿ. ಕೇಳಿಸಿಕೊಂಡ ಮೇಲೂ ಹೋಗುವವರು ಹೋಗಲಿ, ಅದು ಅವರ ಧೈರ್ಯ. ನಿಮ್ಮ ಶಾಲೆಗೆ ಬಂದ ಪೆಟ್ರೋಲನ್ನು ಲೈಸೆನ್ಸು ಪಡೆದವರಿಗೆ ಸರದಿಯ ಪ್ರಕಾರ ಹಂಚಿ, ಕಣ್ಣಿಗೆ ಬಿದ್ದವರಿಗಲ್ಲ. ನನ್ನ ಮಗಳ ಸರದಿ ಎಂಬತ್ತನೇ ಇಸವಿಯಿಂದ ನಿಂತಿದೆ.

ಊಟಕ್ಕೆ ನೀವು ನಮ್ಮ ಮನೆಗೇ ಬರಬೇಕು. ಒಬ್ಬಟ್ಟು ಮಾಡಿಸುತ್ತೇನೆ, ಅತಿಥಿಗೆ ಬಾಗಿಲು ಹಾಕುವ ಅಭ್ಯಾಸ ನಮ್ಮಲ್ಲಿಲ್ಲ. ಆದರೆ ಆ ಗಾದೆಯನ್ನು ಮಾತ್ರ ಇನ್ನು ಮೇಲೆ ನಮ್ಮ ತೆಂಗಿನ ನಾಡಿನ ಯಾವ ಮಗುವಿಗೂ ಹೇಳಬೇಡಿ. ನಾವು ತಾಳುವ ಜನ. ಯಾರು ತಾಳಿ ಎಂದರೂ ನಂಬಿಬಿಡುತ್ತೇವೆ.

ಬೇಸಿಗೆ ರಜ ಶುರುವಾದ ಮೊದಲ ಸೋಮವಾರ ಬೆಳಿಗ್ಗೆ ನಿಮ್ಮ ಗೇಟಿನ ಮುಂದೆ ಇಬ್ಬರು ಹೆಣ್ಣುಮಕ್ಕಳು ಕೂತಿರುತ್ತಾರೆ. ಒಬ್ಬಳು ಕಲಿಯಲು ಬಂದವಳು, ಇನ್ನೊಬ್ಬಳು ತನ್ನ ಹಾರಾಟದ ಸರದಿ ಕೇಳಲು ಬಂದವಳು. ಅವರ ಪಕ್ಕದಲ್ಲಿ ಕೆಂಪು ಕಂಬಳಿ ಹಾಸಿಕೊಂಡು ಒಬ್ಬ ಮುದುಕಿ ಕೂತಿದ್ದರೆ ಆಶ್ಚರ್ಯಪಡಬೇಡಿ. ತಾನೂ ಬರುತ್ತೇನೆಂದು ಹಠ ಹಿಡಿದಿದ್ದಾರೆ, ಬೇಡವೆನ್ನಲು ನನಗೆ ಧೈರ್ಯವಿಲ್ಲ. ಅವರಿಗೆ ಈಗ ಕಣ್ಣು ಕಾಣಿಸುವುದು ಅಷ್ಟಕ್ಕಷ್ಟೇ. ಮೊಮ್ಮಗಳು ಮತ್ತೆ ಮೇಲೇರಿದಾಗ ತಾನು ಕೂತ ಜಾಗ ಅವಳಿಗೆ ಕಾಣಬೇಕಂತೆ.

ಇಂತಿ,
ಅಂದು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ,
ಶಂಭುಲಿಂಗಯ್ಯ
ಕೊಬ್ಬರಿ ವ್ಯಾಪಾರಿ, ತಿಪಟೂರು
(ಗೋಡೆಯ ಮೇಲಿನ ಪೈಲಟ್ಟಿನ ತಂದೆ)
ಮಾರ್ಚ್ ೧೯೮೪